ಜೀನ್ ಟೆಸ್ಟಿಗೆ ಮೊದಲು ಒಂದು ಟೇಪು

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ

ನಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆಯನ್ನು ‘ಖಾಂದಾನಿ ಬೀಮಾರಿ’ ಎನ್ನುತ್ತಾರೆ. ದಾದಾ ಅವರಿಗೆ ಇತ್ತು, ದಾದಿಗೆ ಇದೆ, ಗುಬ್ಬಿಯಲ್ಲಿರುವ ದೊಡ್ಡ ಫುಪ್ಪುಗೆ ಇದೆ, ಕುಣಿಗಲ್ಲಿನ ಮಾಮುಗೆ ನಲವತ್ತು ತುಂಬುವ ಮೊದಲೇ ಬಂತು. ಪಕ್ಕದ ಮನೆಯ ಆಂಟಿ ಇದನ್ನೇ ಕನ್ನಡದಲ್ಲಿ ‘ವಂಶದಲ್ಲೇ ಬಂದಿದ್ದು ಕಣಮ್ಮ’ ಅನ್ನುತ್ತಾರೆ. ಭಾಷೆ ಬೇರೆ, ಅರ್ಥ ಒಂದೇ. ಬರುವುದು ಬಂದೇ ಬರುತ್ತದೆ, ನಮ್ಮ ಕೈಯಲ್ಲಿ ಏನೂ ಇಲ್ಲ, ಇನ್ನೊಂದು ಲೋಟ ಚಾಯ್ ಕೊಡು.

ಈಗ ಇದೇ ಮಾತನ್ನು ಹಣಕ್ಕೆ ಮಾರುವವರು ಬಂದಿದ್ದಾರೆ. ಒಂದು ಚಿಕ್ಕ ಟ್ಯೂಬಿನಲ್ಲಿ ಜೊಲ್ಲು ಹಾಕಿ ಕೊರಿಯರ್ ಮಾಡಿದರೆ, ಕೆಲವು ವಾರಗಳಲ್ಲಿ ಬಣ್ಣ ಬಣ್ಣದ ವರದಿ ಮೊಬೈಲಿಗೆ ಬರುತ್ತದೆ: ‘ನಿಮಗೆ ಡಯಾಬಿಟಿಸ್ ಬರುವ ಅಪಾಯ ಹೆಚ್ಚು’. ಬೆಲೆ ಕೆಲವು ಸಾವಿರ ರೂಪಾಯಿ. ಹೋದ ವರ್ಷ ಫುಪ್ಪುವಿನ ಮಗಳಿಗೆ ರಿಶ್ತಾ ಬಂದಾಗ ಹುಡುಗನ ಕಡೆಯವರು, ‘ತಾಯಿಗೆ ಶುಗರ್ ಇದೆಯಂತೆ, ಹುಡುಗಿಗೆ ಆ ಜೀನ್ ಟೆಸ್ಟ್ ಒಂದು ಮಾಡಿಸಿಬಿಡಿ’ ಎಂದರು. ನಾನು ಈ ವಿಷಯ ಓದತೊಡಗಿದ್ದು ಆ ಸಿಟ್ಟಿನಿಂದಲೇ. ಓದಿದ ಮೇಲೆ ನನ್ನ ಅಭಿಪ್ರಾಯ ಇಷ್ಟು: ಈ ಪರೀಕ್ಷೆಯ ಹಿಂದಿರುವ ವಿಜ್ಞಾನ ನಿಜ, ಅದರ ಬಗ್ಗೆ ನನಗೆ ಗೌರವವೂ ಇದೆ. ಆದರೆ ಒಬ್ಬ ವ್ಯಕ್ತಿಗೆ ಅದನ್ನು ಮಾರುವುದು ದಂಡ. ಅದನ್ನು ಮದುವೆಯ ಮಾತುಕತೆಗೆ ತರುವುದಂತೂ ಅನ್ಯಾಯ.

ಜೀವಶಾಸ್ತ್ರ ನನ್ನ ವಿಷಯವಲ್ಲ. ಆದರೆ ಸಂಖ್ಯಾಶಾಸ್ತ್ರ ನನ್ನದು. ಓದುತ್ತಾ ಹೋದಂತೆ ಗೊತ್ತಾಯಿತು, ಈ ಸಂಶೋಧನೆಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ನಮ್ಮ ಪಠ್ಯಪುಸ್ತಕದ್ದೇ. ಸಕ್ಕರೆ ಕಾಯಿಲೆ ಇರುವ ಸಾವಿರ ಜನ, ಇಲ್ಲದ ಸಾವಿರ ಜನ. ಎಲ್ಲರ ಡಿಎನ್‌ಎಯಲ್ಲಿ ಒಂದು ನಿರ್ದಿಷ್ಟ ಜಾಗ ನೋಡುತ್ತಾರೆ. ಆ ಜಾಗದಲ್ಲಿ ಕೆಲವರಿಗೆ ‘ಸಿ’ ಅಕ್ಷರ, ಕೆಲವರಿಗೆ ‘ಟಿ’. ರೋಗಿಗಳಲ್ಲಿ ‘ಟಿ’ ಎಷ್ಟು, ಆರೋಗ್ಯವಂತರಲ್ಲಿ ಎಷ್ಟು ಎಂದು ಎಣಿಸಿ ನಾಲ್ಕು ಮನೆಯ ಪಟ್ಟಿ ಮಾಡುತ್ತಾರೆ. ಆಮೇಲೆ ನಾವು ಪರೀಕ್ಷೆಗೆ ಬಾಯಿಪಾಠ ಮಾಡುವ ಕೈ-ವರ್ಗ ಪರೀಕ್ಷೆಯನ್ನೇ ಹಾಕಿ, ಈ ವ್ಯತ್ಯಾಸ ಆಕಸ್ಮಿಕವೋ ಅಲ್ಲವೋ ನೋಡುತ್ತಾರೆ. ಇಷ್ಟೇ.

ಇಷ್ಟೇ ಎಂದೆ, ಆದರೆ ಎರಡು ಗುಂಡಿಗಳಿವೆ. ಮೊದಲನೆಯದು, ಅವರು ನೋಡುವುದು ಒಂದು ಜಾಗವಲ್ಲ, ಲಕ್ಷಾಂತರ. ಹತ್ತು ಲಕ್ಷ ಜಾಗಗಳನ್ನು ನಮ್ಮ ಶೇಕಡಾ 5ರ ಮಟ್ಟದಲ್ಲಿ ಪರೀಕ್ಷಿಸಿದರೆ, ಯಾವ ಸಂಬಂಧವೂ ಇಲ್ಲದಿದ್ದರೂ 50 ಸಾವಿರ ಜಾಗಗಳು ‘ಸಂಬಂಧವಿದೆ’ ಎಂದು ಕೈ ಎತ್ತುತ್ತವೆ. ಅದಕ್ಕೇ ಅವರು 0.05 ಅನ್ನು ಹತ್ತು ಲಕ್ಷದಿಂದ ಭಾಗಿಸಿ, ಅಷ್ಟು ಕಠಿಣವಾದ ಗಡಿ ದಾಟಿದ್ದನ್ನು ಮಾತ್ರ ನಂಬುತ್ತಾರೆ. ಎರಡನೆಯದು ಇನ್ನೂ ಮಜವಾಗಿದೆ. ರೋಗಿಗಳನ್ನೆಲ್ಲ ಉರ್ದು ಮಾತಾಡುವ ಒಂದು ಮೊಹಲ್ಲಾದಿಂದ ಆರಿಸಿ, ಆರೋಗ್ಯವಂತರನ್ನೆಲ್ಲ ಕುಣಿಗಲ್ ಕಡೆಯ ಒಂದು ಹಳ್ಳಿಯಿಂದ ಆರಿಸಿದರೆ, ಉರ್ದು ಓದುವುದರಿಂದಲೇ ಸಕ್ಕರೆ ಕಾಯಿಲೆ ಬರುತ್ತದೆ ಎಂದು ಗಣಿತ ಹೇಳಿಬಿಡುತ್ತದೆ! ಜೀನಿನಲ್ಲೂ ಹಾಗೆಯೇ. ಎರಡು ಗುಂಪುಗಳ ಪೂರ್ವಜರು ಬೇರೆ ಬೇರೆಯಾಗಿದ್ದರೆ ಕಾಯಿಲೆಗೆ ಸಂಬಂಧವೇ ಇಲ್ಲದ ಅಕ್ಷರಗಳೂ ಅಪರಾಧಿಗಳಂತೆ ಕಾಣುತ್ತವೆ. ತಲೆಮಾರುಗಳಿಂದ ತಮ್ಮ ತಮ್ಮಲ್ಲೇ ಮದುವೆಯಾಗಿ ಬಂದ ಜಾತಿ, ಜಮಾತುಗಳ ನಮ್ಮ ದೇಶದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು.

ಈ ಎರಡೂ ಗುಂಡಿ ದಾಟಿ ಗಟ್ಟಿಯಾಗಿ ನಿಂತ ಜೀನ್ ಒಂದಿದೆ. ಹೆಸರು ಟಿಸಿಎಫ್7ಎಲ್2. 2006ರಲ್ಲಿ ಐಸ್‌ಲ್ಯಾಂಡಿನ ವಿಜ್ಞಾನಿಗಳು ಇದನ್ನು ಗುರುತಿಸಿದರು, ಡೆನ್ಮಾರ್ಕ್ ಮತ್ತು ಅಮೆರಿಕದವರಲ್ಲೂ ಅದೇ ಕಂಡಿತು. ಮಾರನೆಯ ವರ್ಷವೇ, 2007ರಲ್ಲಿ, ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ಗಿರಿರಾಜ್ ಚಾಂಡಕ್ ಮತ್ತು ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ತಂಡ ಒಂಬೈನೂರಕ್ಕೂ ಹೆಚ್ಚು ಭಾರತೀಯ ರೋಗಿಗಳನ್ನು ಪರೀಕ್ಷಿಸಿ, ಇಲ್ಲಿಯೂ ನಿಜ ಎಂದು ತೋರಿಸಿತು. ಈ ಜೀನಿನ ‘ಟಿ’ ಅಕ್ಷರವಿದ್ದವರಲ್ಲಿ ಮೇದೋಜೀರಕ ಗ್ರಂಥಿ ಸಮಯಕ್ಕೆ ಸರಿಯಾಗಿ ಇನ್ಸುಲಿನ್ ಬಿಡುವುದರಲ್ಲಿ ಸ್ವಲ್ಪ ಹಿಂದೆ ಬೀಳುತ್ತದೆ.

ಸ್ವಲ್ಪ ಎಂದರೆ ಎಷ್ಟು? ಒಂದು ‘ಟಿ’ ಇದ್ದರೆ ಸಾಧ್ಯತೆ ಸುಮಾರು 1.4 ಪಟ್ಟು. ‘ಅಪಾಯ ಶೇಕಡಾ 40 ಜಾಸ್ತಿ’ ಎಂದು ಜಾಹೀರಾತು ಬರೆದರೆ ಎದೆ ಧಸಕ್ಕೆನ್ನುತ್ತದೆ. ಈಗ ನಾವೇ ಲೆಕ್ಕ ಹಾಕೋಣ. ‘ಟಿ’ ಇಲ್ಲದ 100 ಜನರಲ್ಲಿ 10 ಜನಕ್ಕೆ ಕಾಯಿಲೆ ಬರುತ್ತದೆ ಎಂದು ಇಟ್ಟುಕೊಳ್ಳಿ (ಇದು ಲೆಕ್ಕಕ್ಕಾಗಿ ಇಟ್ಟುಕೊಂಡ ಸಂಖ್ಯೆ). ಒಂದು ‘ಟಿ’ ಇರುವ 100 ಜನರಲ್ಲಿ ಅದು 13 ಅಥವಾ 14 ಆಗುತ್ತದೆ. ತಾಯಿಯಿಂದ ಒಂದು, ತಂದೆಯಿಂದ ಒಂದು ಎಂದು ಎರಡೂ ಬಂದಿದ್ದರೆ ಸುಮಾರು 18. ಅಂದರೆ ಅತ್ಯಂತ ‘ಕೆಟ್ಟ’ ಜೋಡಿ ಇರುವವರಲ್ಲೂ 82 ಜನರಿಗೆ ಬರುವುದಿಲ್ಲ. ಏನೂ ಇಲ್ಲದವರಲ್ಲೂ 10 ಜನರಿಗೆ ಬರುತ್ತದೆ. ಇನ್ನೊಂದು ಮಾತು: ಭಾರತೀಯರಲ್ಲಿ ಹೆಚ್ಚೂಕಡಿಮೆ ಅರ್ಧದಷ್ಟು ಜನರ ಬಳಿ ಕನಿಷ್ಠ ಒಂದು ‘ಟಿ’ ಇದೆ. 60 ಜನರ ನಮ್ಮ ತರಗತಿಯಲ್ಲಿ ಸುಮಾರು 30 ಜನ. ಅರ್ಧ ತರಗತಿಗೆ ಇರುವುದನ್ನು ‘ದೋಷ’ ಎಂದು ಕರೆದು ಮದುವೆ ನಿಲ್ಲಿಸುತ್ತೀರಾ?

‘ಒಂದೇ ಜೀನ್ ನೋಡಿದರೆ ಹಾಗೆ, ಎಲ್ಲವನ್ನೂ ಕೂಡಿಸಿ ನೋಡಿದರೆ ಗೊತ್ತಾಗುತ್ತದೆ’ ಎಂದು ವಿಜ್ಞಾನ ವಿಭಾಗದ ಗೆಳತಿಯೊಬ್ಬಳು ವಾದ ಮಾಡಿದಳು. ಒಳ್ಳೆಯ ವಾದ. ಅದನ್ನೂ ಪರೀಕ್ಷಿಸಿದ್ದಾರೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ ದಶಕಗಳಿಂದ ನಡೆಯುತ್ತಿರುವ ಅಧ್ಯಯನದಲ್ಲಿ 18 ಜೀನ್ ಜಾಗಗಳನ್ನು ಕೂಡಿಸಿ ಅಂಕ ಕೊಟ್ಟು, ಯಾರಿಗೆ ಮುಂದೆ ಕಾಯಿಲೆ ಬಂತು ಎಂದು ಹೋಲಿಸಿದರು. ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ವಯಸ್ಸು, ಮನೆತನದ ಇತಿಹಾಸ, ತೂಕ, ಬಿಪಿ, ಖಾಲಿ ಹೊಟ್ಟೆಯ ಸಕ್ಕರೆ, ಕೊಲೆಸ್ಟ್ರಾಲ್ – ಇಂಥ ಸಾಮಾನ್ಯ ವಿವರಗಳಿಂದಲೇ ಊಹಿಸಿದಾಗ ನಿಖರತೆಯ ಅಂಕ 0.900 ಬಂತು. ಗರಿಷ್ಠ ಅಂಕ 1. ಅದಕ್ಕೆ ಜೀನುಗಳ ಅಂಕವನ್ನೂ ಸೇರಿಸಿದಾಗ ಬಂದದ್ದು 0.901.

ಈ ಸಾಲನ್ನು ಎರಡು ಸಲ ಓದಿ. ಸಾವಿರಾರು ರೂಪಾಯಿ ಕೊಟ್ಟು ನಾವು ಕೊಳ್ಳುತ್ತಿರುವುದು ಮೂರನೆಯ ದಶಮಾಂಶ ಸ್ಥಾನದ ಒಂದು ಅಂಕಿ. ನಮ್ಮ ಅಕೌಂಟೆನ್ಸಿ ಸರ್ ಆಗಿದ್ದರೆ ಅದನ್ನು ರೌಂಡ್ ಆಫ್ ಮಾಡಿಬಿಡುತ್ತಿದ್ದರು.

ಆಮೇಲೆ ಬಂದ ಅಧ್ಯಯನಗಳಲ್ಲಿ ನೂರಾರು ಜಾಗಗಳು ಸೇರಿವೆ, ಅಂಕಗಳೂ ಸುಧಾರಿಸಿವೆ, ನಿಜ. ಆದರೆ ಅವುಗಳಲ್ಲಿ ಬಹುಪಾಲು ಯುರೋಪ್ ಮೂಲದವರ ರಕ್ತದಿಂದ ತಯಾರಾದವು. ಆ ಅಳತೆ ನಮಗೆ ಹೊಂದುತ್ತದೆಯೇ ಎನ್ನುವುದಕ್ಕೆ ಒಂದು ಉದಾಹರಣೆ ಸಾಕು. ಪಿಪಿಎಆರ್‌ಜಿ ಎಂಬ ಜೀನಿನ ಒಂದು ರೂಪ ಯುರೋಪಿನವರನ್ನು ಸಕ್ಕರೆ ಕಾಯಿಲೆಯಿಂದ ಸ್ವಲ್ಪ ಕಾಪಾಡುತ್ತದೆ. 2006ರಲ್ಲಿ ಚೆನ್ನೈನ ಜನರಲ್ಲಿ, ಅಮೆರಿಕದ ಡಲ್ಲಾಸಿನಲ್ಲಿರುವ ನಮ್ಮ ದಕ್ಷಿಣ ಏಷ್ಯಾದವರಲ್ಲಿ ನೋಡಿದಾಗ ಆ ರಕ್ಷಣೆ ಕಾಣಲಿಲ್ಲ. ಅದೇ ಅಕ್ಷರ, ಬೇರೆ ದೇಹ. ಬೇರೆಯವರ ಅಳತೆಗೆ ಹೊಲಿದ ಶೇರ್ವಾನಿ ನಮಗೆ ಭುಜದಲ್ಲಿ ಕೂರುವುದಿಲ್ಲ.

ಹಾಗಾದರೆ ಖಾಂದಾನಿ ಎನ್ನುವುದು ಸುಳ್ಳೇ? ಸುಳ್ಳಲ್ಲ. ಅದೇ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ ತಂದೆ ಅಥವಾ ತಾಯಿ ಒಬ್ಬರಿಗೆ ಇದ್ದರೆ ಮಕ್ಕಳಿಗೆ ಸಾಧ್ಯತೆ ಸುಮಾರು ಮೂರೂವರೆ ಪಟ್ಟು, ಇಬ್ಬರಿಗೂ ಇದ್ದರೆ ಸುಮಾರು ಆರು ಪಟ್ಟು ಕಂಡುಬಂದಿತ್ತು. ಟಿಸಿಎಫ್7ಎಲ್2ರ 1.4 ಎಲ್ಲಿ, ಈ ಮೂರೂವರೆ, ಆರು ಎಲ್ಲಿ? ‘ನಿಮ್ಮ ಅಬ್ಬಾಗೆ ಶುಗರ್ ಇದೆಯಾ’ ಎಂಬ ಬಿಟ್ಟಿ ಪ್ರಶ್ನೆ ಆ ದುಬಾರಿ ಟ್ಯೂಬಿಗಿಂತ ಹೆಚ್ಚು ಹೇಳುತ್ತದೆ. ಯಾಕೆಂದರೆ ಮನೆತನದಿಂದ ನಮಗೆ ಬರುವುದು ಜೀನ್ ಮಾತ್ರವಲ್ಲ. ಅಡುಗೆಮನೆಯೂ ಬರುತ್ತದೆ. ಕೂತಲ್ಲೇ ಕೂರುವ ಅಭ್ಯಾಸವೂ ಬರುತ್ತದೆ. ಇದೆಲ್ಲಕ್ಕಿಂತ ಮೊದಲು ತಾಯಿಯ ಗರ್ಭವಿದೆ.

ಇದಕ್ಕೆ ನಮ್ಮ ರಾಜ್ಯದ್ದೇ ಸಾಕ್ಷಿ ಇದೆ, ಇದು ಹೆಚ್ಚು ಜನರಿಗೆ ಗೊತ್ತಿಲ್ಲದಿರುವುದು ನನಗೆ ಬೇಸರ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಹಳೆಯ ಮೈಸೂರಿನವರು ಮಿಷನ್ ಆಸ್ಪತ್ರೆ ಎನ್ನುತ್ತಾರೆ. ಅಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಾದಿಯರು ರಿಜಿಸ್ಟರಿನಲ್ಲಿ ಬರೆದಿಟ್ಟಿದ್ದರು. 1990ರ ದಶಕದಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನ ಕ್ಯಾರೊಲಿನ್ ಫಾಲ್ ಮತ್ತು ಇಲ್ಲಿಯ ವೈದ್ಯರು ಆ ರಿಜಿಸ್ಟರು ಹಿಡಿದು, ಆಗ ಹುಟ್ಟಿ ಈಗ ನಡುವಯಸ್ಸಿಗೆ ಬಂದವರನ್ನು ಊರಲ್ಲಿ ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗ ಗಿಡ್ಡವಾಗಿ ದುಂಡಗಿದ್ದವರಲ್ಲಿ, ತಾಯಿಯ ತೂಕ ಹೆಚ್ಚಿದ್ದವರಲ್ಲಿ ಸಕ್ಕರೆ ಕಾಯಿಲೆ ಹೆಚ್ಚು ಕಂಡಿತು. ಆಮೇಲೆ 1997–98ರಲ್ಲಿ ಅದೇ ಆಸ್ಪತ್ರೆಯ ಗರ್ಭಿಣಿಯರನ್ನು ಸೇರಿಸಿಕೊಂಡು ‘ಪಾರ್ಥೆನಾನ್ ಅಧ್ಯಯನ’ ಶುರುವಾಯಿತು. ಆ ಮಕ್ಕಳನ್ನು ಡಾ. ಜಿ. ವಿ. ಕೃಷ್ಣವೇಣಿ ಮತ್ತು ಸಂಗಡಿಗರು ವರ್ಷಗಟ್ಟಲೆ ಹಿಂಬಾಲಿಸಿದರು. ಗರ್ಭದಲ್ಲಿದ್ದಾಗ ತಾಯಿಗೆ ಸಕ್ಕರೆ ಏರಿದ್ದ ಹೆಣ್ಣುಮಕ್ಕಳಲ್ಲಿ ಐದನೆಯ ವರ್ಷಕ್ಕಾಗಲೇ ಬೇರೆ ಮಕ್ಕಳಿಗಿಂತ ಕೊಬ್ಬೂ ಇನ್ಸುಲಿನ್ನೂ ಹೆಚ್ಚಿತ್ತು.

ಐದು ವರ್ಷದ ಮಗು! ಆ ಮಗು ಮುಂದೆ ದೊಡ್ಡವಳಾಗಿ, ಗರ್ಭಿಣಿಯಾಗಿ, ಅವಳಿಗೂ ಸಕ್ಕರೆ ಏರಿದರೆ? ಕಾಯಿಲೆ ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಹೋಗುತ್ತದೆ. ನೋಡುವವರು ‘ಖಾಂದಾನಿ’ ಎನ್ನುತ್ತಾರೆ. ಆದರೆ ಈ ದಾರಿಯನ್ನು ಗರ್ಭಿಣಿಗೆ ಸಮಯಕ್ಕೆ ಸಕ್ಕರೆ ಪರೀಕ್ಷೆ ಮಾಡಿ, ಊಟ ಸರಿಪಡಿಸಿ, ಬೇಕಿದ್ದರೆ ಔಷಧ ಕೊಟ್ಟು ಬಿಗಿ ಹಿಡಿಯಬಹುದು. ಜೀನಿನ ಅಕ್ಷರ ತಿದ್ದಲು ನಮ್ಮಿಂದ ಆಗದು, ಇದು ಆಗುತ್ತದೆ.

‘ನಾನು ತೆಳ್ಳಗಿದ್ದೇನೆ, ನನಗೇಕೆ’ ಎನ್ನುವವರಿಗೂ ಒಂದು ಕತೆ. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇಬ್ಬರು ವೈದ್ಯರ ಫೋಟೊ ಬಂತು. ಒಬ್ಬರು ಪುಣೆಯ ಅದೇ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಯುಡ್ಕಿನ್. ಇಬ್ಬರ ಬಿಎಂಐ ಒಂದೇ, 22.3. ನೋಡಲು ಇಬ್ಬರೂ ತೆಳು. ಆದರೆ ಮೈಯಲ್ಲಿರುವ ಕೊಬ್ಬು ಅಳೆದರೆ ಯುಡ್ಕಿನ್ನರಿಗೆ ಶೇಕಡಾ 9.1, ಯಾಜ್ಞಿಕರಿಗೆ 21.2. ಭಾರತದವರು ತೆಳ್ಳಗೆ ಕಂಡರೂ ಹೊಟ್ಟೆಯೊಳಗೆ ಕೊಬ್ಬು ಹೊತ್ತಿರುತ್ತೇವೆ ಎನ್ನುವುದು ಇದರ ಅರ್ಥ. ತೂಕದ ಯಂತ್ರ ನಮಗೆ ಸುಳ್ಳು ಹೇಳುತ್ತದೆ. ಟೇಪು ಅಷ್ಟು ಸುಳ್ಳು ಹೇಳುವುದಿಲ್ಲ.

ಟೇಪಿನ ವಿಷಯಕ್ಕೆ ಬಂದೆ. ಚೆನ್ನೈನ ಡಾ. ವಿ. ಮೋಹನ್ ಮತ್ತು ತಂಡ 2005ರಲ್ಲಿ ‘ಇಂಡಿಯನ್ ಡಯಾಬಿಟಿಸ್ ರಿಸ್ಕ್ ಸ್ಕೋರ್’ ಎಂಬ ಸರಳ ಲೆಕ್ಕ ಮಾಡಿದರು. ನಾಲ್ಕೇ ಪ್ರಶ್ನೆ, ಒಟ್ಟು 100 ಅಂಕ. ವಯಸ್ಸು 35ರ ಒಳಗಿದ್ದರೆ ಸೊನ್ನೆ, 35ರಿಂದ 49ರವರೆಗೆ 20, ಅದಕ್ಕಿಂತ ಮೇಲೆ 30. ಸೊಂಟದ ಸುತ್ತಳತೆ ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90 ಸೆಂ.ಮೀ. ಒಳಗಿದ್ದರೆ ಸೊನ್ನೆ, ಮುಂದಿನ ಹತ್ತು ಸೆಂ.ಮೀ.ಗೆ 10, ಅದನ್ನೂ ದಾಟಿದರೆ 20. ಚೆನ್ನಾಗಿ ಬೆವರುವಷ್ಟು ಕೆಲಸ ಅಥವಾ ವ್ಯಾಯಾಮವಿದ್ದರೆ ಸೊನ್ನೆ, ಕಡಿಮೆಯಾದಂತೆ 10, 20, ಕೂತೇ ಇರುವವರಿಗೆ 30. ತಂದೆ ತಾಯಿಯಲ್ಲಿ ಒಬ್ಬರಿಗೆ ಕಾಯಿಲೆ ಇದ್ದರೆ 10, ಇಬ್ಬರಿಗೂ ಇದ್ದರೆ 20. ಮೊತ್ತ 60 ಅಥವಾ ಹೆಚ್ಚಾದರೆ ರಕ್ತ ಪರೀಕ್ಷೆ ಮಾಡಿಸಲೇಬೇಕು.

ನಾನು ಅಮ್ಮಿಯ ಲೆಕ್ಕ ಹಾಕಿದೆ. ವಯಸ್ಸು 44, ಅಂಕ 20. ದರ್ಜಿ ಟೇಪು ಹಿಡಿದಾಗ ಸೊಂಟ 92, ಅಂಕ 20. ಮನೆಗೆಲಸ ಬಿಟ್ಟರೆ ಓಡಾಟ ಕಡಿಮೆ, 20. ನಾನಾಗೆ ಶುಗರ್ ಇತ್ತು, 10. ಒಟ್ಟು 70. ಇದಕ್ಕೆ ತಗುಲಿದ್ದು ಎರಡು ನಿಮಿಷ. ಜೊಲ್ಲು ಯಾರಿಗೂ ಕಳಿಸಲಿಲ್ಲ. ಇದರಲ್ಲಿ ಇನ್ನೊಂದು ಸಂಗತಿ ಗಮನಿಸಿ: 100ರಲ್ಲಿ ಮನೆತನಕ್ಕೆ ಹೋಗುವುದು ಹೆಚ್ಚೆಂದರೆ 20. ಸೊಂಟಕ್ಕೂ ಓಡಾಟಕ್ಕೂ ಸೇರಿ 50. ಅಮ್ಮಿ ದಿನಾ ಸಂಜೆ ನಡೆಯತೊಡಗಿದರೆ ನನ್ನ ನಾನಾ ಬದಲಾಗುವುದಿಲ್ಲ, ಅಂಕ ಬದಲಾಗುತ್ತದೆ.

ನಡಿಗೆಯಿಂದ ಏನಾಗುತ್ತದೆ ಎನ್ನುವವರಿಗೆ ಎರಡು ಸಂಖ್ಯೆ. ಚೆನ್ನೈನ ಡಾ. ಎ. ರಾಮಚಂದ್ರನ್ ಅವರ ತಂಡ ಸಕ್ಕರೆ ಗಡಿಯಲ್ಲಿದ್ದ 531 ಜನರನ್ನು ಮೂರು ವರ್ಷ ನೋಡಿತು. ಏನೂ ಮಾಡದವರಲ್ಲಿ ಶೇಕಡಾ 55 ಜನರಿಗೆ ಕಾಯಿಲೆ ಬಂತು, ಊಟ ಮತ್ತು ನಡಿಗೆ ಸರಿಪಡಿಸಿಕೊಂಡವರಲ್ಲಿ ಶೇಕಡಾ 39 ಜನರಿಗೆ. ಇದು ಪ್ರಕಟವಾದದ್ದು 2006ರಲ್ಲಿ. ಅದೇ ವರ್ಷ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ ಟಿಸಿಎಫ್7ಎಲ್2ರ ಎರಡೂ ‘ಟಿ’ ಇದ್ದವರನ್ನು ನೋಡಿದಾಗ, ಜೀವನಕ್ರಮ ಬದಲಿಸಿಕೊಂಡ ಗುಂಪಿನಲ್ಲಿ ಆ ಜೀನಿನ ಪ್ರಭಾವ ಮಂಕಾಗಿತ್ತು. ಜೀನಿನ ಮಾತನ್ನು ಕಾಲು ಕೇಳಬೇಕೆಂದೇನೂ ಇಲ್ಲ.

ಈಗ ರಿಶ್ತಾದ ಮಾತು. ಫುಪ್ಪುವಿನ ಮಗಳಿಗೆ ಟೆಸ್ಟ್ ಮಾಡಿಸಿ ಎಂದ ಮನೆಯಲ್ಲಿ ಹುಡುಗನ ತಂದೆಗೇ ಹತ್ತು ವರ್ಷದಿಂದ ಶುಗರ್ ಇದೆ. ಹುಡುಗನಿಗೆ ಟೆಸ್ಟ್ ಮಾಡಿಸುವ ಯೋಚನೆ ಯಾರ ತಲೆಗೂ ಹೊಳೆಯಲಿಲ್ಲ. ಯಾವಾಗಲೂ ಹೀಗೆಯೇ. ಬಣ್ಣ, ಎತ್ತರ, ಓದು, ಅಡುಗೆ, ಈಗ ಡಿಎನ್‌ಎ – ಪರೀಕ್ಷೆ ಬರೆಯುವವಳು ಹುಡುಗಿ, ಮೌಲ್ಯಮಾಪನ ಮಾಡುವವರು ಅವರು. ಇದರಿಂದ ಆಗುವ ದೊಡ್ಡ ನಷ್ಟ ಬೇರೆಯೇ ಇದೆ. ‘ಶುಗರ್ ಇದೆ’ ಎಂದು ಗೊತ್ತಾದರೆ ರಿಶ್ತಾ ಮುರಿಯುತ್ತದೆ ಎಂಬ ಹೆದರಿಕೆಯಿಂದ ಎಷ್ಟೋ ಮನೆಗಳಲ್ಲಿ ತಾಯಂದಿರು ಮಾತ್ರೆಯನ್ನು ಬೀರುವಿನಲ್ಲಿ ಬಟ್ಟೆಯ ಕೆಳಗೆ ಇಡುತ್ತಾರೆ, ಹುಡುಗಿಯರು ರಕ್ತ ಪರೀಕ್ಷೆಯಿಂದ ದೂರ ಉಳಿಯುತ್ತಾರೆ. ಮದುವೆಯಾಗಿ ಗರ್ಭಿಣಿಯಾದ ಮೇಲೆ ಗೊತ್ತಾಗುತ್ತದೆ. ಮೈಸೂರಿನ ಆ ಐದು ವರ್ಷದ ಮಕ್ಕಳನ್ನು ನೆನಪಿಸಿಕೊಳ್ಳಿ. ಬಚ್ಚಿಟ್ಟ ಕಾಯಿಲೆಯ ಬೆಲೆ ಕಟ್ಟುವವರು ಅವರು.

ಸಂಬಂಧದಲ್ಲೇ ಮದುವೆಯಾಗುವುದರಿಂದ ಶುಗರ್ ಬರುತ್ತದೆಯೇ ಎಂದೂ ಕೇಳುತ್ತಾರೆ. ನಮ್ಮಲ್ಲಿ ಚಾಚಾ, ಮಾಮುವಿನ ಮಕ್ಕಳು, ನೆರೆಯ ಮನೆಗಳಲ್ಲಿ ಅಕ್ಕನ ಮಗಳು. ಹತ್ತಿರದ ಸಂಬಂಧದಿಂದ ಹೆಚ್ಚುವುದು ಮುಖ್ಯವಾಗಿ ತಂದೆ ತಾಯಿ ಇಬ್ಬರಿಂದಲೂ ಒಂದೇ ದೋಷ ಬಂದಾಗ ಕಾಣಿಸುವ ಅಪರೂಪದ ಕಾಯಿಲೆಗಳು. ಅದು ಗಂಭೀರ ವಿಷಯ, ಬೇರೆ ಲೇಖನಕ್ಕೆ ಇರಲಿ.

ವಾಣಿಜ್ಯ ವಿದ್ಯಾರ್ಥಿಯಾಗಿ ಇನ್ನೊಂದು ಎಚ್ಚರಿಕೆ ಹೇಳದೆ ಇರಲಾರೆ. ವಿಮೆಯ ಪಾಠದಲ್ಲಿ ನಾವು ಮೊದಲು ಓದುವ ತತ್ವ ಪೂರ್ಣ ಸದ್ವಿಶ್ವಾಸ: ವಿಮೆ ಮಾಡಿಸುವವರು ತಮಗೆ ಗೊತ್ತಿರುವ ಮುಖ್ಯ ಸಂಗತಿಗಳನ್ನೆಲ್ಲ ಕಂಪನಿಗೆ ತಿಳಿಸಬೇಕು. ಜೀನ್ ವರದಿ ನಿಮ್ಮ ಮೊಬೈಲಿನಲ್ಲಿ ಇದ್ದರೆ ಅದು ‘ಗೊತ್ತಿರುವ ಸಂಗತಿ’ಯೇ? ಅಮೆರಿಕದಲ್ಲಿ 2008ರ ಒಂದು ಕಾನೂನು ಆರೋಗ್ಯ ವಿಮೆಯಲ್ಲಿ, ಉದ್ಯೋಗದಲ್ಲಿ ಜೀನ್ ನೋಡಿ ಭೇದ ಮಾಡುವುದನ್ನು ತಡೆದಿದೆ, ಆದರೆ ಜೀವ ವಿಮೆಗೆ ಅದು ಅನ್ವಯಿಸುವುದಿಲ್ಲ. ನಮ್ಮಲ್ಲಿ ಅಂಥ ಪ್ರತ್ಯೇಕ ಕಾನೂನು ಇಲ್ಲ. 2018ರಲ್ಲಿ ದೆಹಲಿ ಹೈಕೋರ್ಟ್, ವಂಶವಾಹಿ ಕಾಯಿಲೆ ಎಂಬ ಕಾರಣಕ್ಕೆ ಆರೋಗ್ಯ ವಿಮೆಯ ಕ್ಲೇಮು ತಿರಸ್ಕರಿಸಿದ್ದನ್ನು ಭೇದಭಾವ ಎಂದಿತು, ಪ್ರಕರಣ ಮುಂದೆ ಸುಪ್ರೀಂ ಕೋರ್ಟಿಗೂ ಹೋಯಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯೂ ಜೀನ್ ಮಾಹಿತಿಯನ್ನು ಪ್ರತ್ಯೇಕವಾಗಿ ಹೆಸರಿಸಿ ಕಾಪಾಡುವುದಿಲ್ಲ. ಪಾಸ್‌ವರ್ಡ್ ಕಳುವಾದರೆ ಬದಲಿಸಬಹುದು, ಡಿಎನ್‌ಎ ಬದಲಿಸುವುದು ಹೇಗೆ? ಅದೂ ಅಲ್ಲದೆ ನಾನು ಕಳಿಸುವ ಜೊಲ್ಲಿನಲ್ಲಿ ನನ್ನ ತಮ್ಮನ ಅರ್ಧ ಗುಟ್ಟೂ ಇರುತ್ತದೆ. ಅವನನ್ನು ಯಾರೂ ಕೇಳಿರುವುದಿಲ್ಲ.

ಇಷ್ಟೆಲ್ಲ ಹೇಳಿದ್ದರಿಂದ ನಾನು ಸಂಶೋಧನೆಗೇ ವಿರೋಧಿ ಎಂದುಕೊಳ್ಳಬೇಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ಮುಂದೆ ನಿಂತು ನಡೆಸಿದ ‘ಜಿನೋಮ್ ಇಂಡಿಯಾ’ ಯೋಜನೆಯಲ್ಲಿ ದೇಶದ 83 ಸಮುದಾಯಗಳ ಸುಮಾರು 10,000 ಜನರ ಪೂರ್ತಿ ಜೀನ್ ಓದಲಾಗಿದೆ. ಇಂಥ ಕೆಲಸದಿಂದ ನಮ್ಮ ಅಳತೆಗೆ ಹೊಲಿದ ಶೇರ್ವಾನಿ ಮುಂದೊಂದು ದಿನ ಬರಬಹುದು, ಹೊಸ ಔಷಧಿಯೂ ಬರಬಹುದು. ಸರಿಯಾಗಿ ವಿವರಿಸಿ, ಒಪ್ಪಿಗೆ ಕೇಳಿ, ಹೆಸರು ಗುಟ್ಟಾಗಿಟ್ಟು ರಕ್ತ ಕೇಳಿದರೆ ನಾನೇ ಮೊದಲು ತೋಳು ಚಾಚುತ್ತೇನೆ. ಸಾವಿರಾರು ಜನರನ್ನು ಸೇರಿಸಿ ನೋಡಿದಾಗ ಈ ವಿಜ್ಞಾನ ಮಾತಾಡುತ್ತದೆ. ಒಬ್ಬಳನ್ನೇ ನಿಲ್ಲಿಸಿ ಕೇಳಿದರೆ ಗೊಣಗುತ್ತದೆ ಅಷ್ಟೇ.

ಐಸಿಎಂಆರ್‌ನ ದೇಶವ್ಯಾಪಿ ಅಧ್ಯಯನದ ವರದಿ 2023ರಲ್ಲಿ ಬಂತು. ಭಾರತದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ, 13 ಕೋಟಿಗೂ ಹೆಚ್ಚು ಜನ ಗಡಿಯಲ್ಲಿ. ಗಡಿಯಲ್ಲಿರುವವರಲ್ಲಿ ನಮ್ಮ ಅಬ್ಬಾ ಅಮ್ಮಿಯರು, ಅಪ್ಪ ಅಮ್ಮಂದಿರು ಎಷ್ಟು ಜನ ಇದ್ದಾರೋ! ತುಮಕೂರಿನ ಜಿಲ್ಲಾಸ್ಪತ್ರೆಯಲ್ಲಿ, ಗುಬ್ಬಿ ಮತ್ತು ಕುಣಿಗಲ್ಲಿನ ತಾಲ್ಲೂಕು ಆಸ್ಪತ್ರೆಗಳಲ್ಲಿ 30 ದಾಟಿದವರಿಗೆ ಬಿಪಿ, ಶುಗರ್ ಪರೀಕ್ಷೆ ಉಚಿತ. ಖಾಲಿ ಹೊಟ್ಟೆಯಲ್ಲಿ 126 ಅಥವಾ ಹೆಚ್ಚು ಬಂದರೆ ಕಾಯಿಲೆ ಎಂದು ಅನುಮಾನಿಸಿ ಮತ್ತೊಮ್ಮೆ ಪರೀಕ್ಷಿಸುತ್ತಾರೆ.

ಪ್ರಾಂಶುಪಾಲರಿಗೂ ಅಧ್ಯಾಪಕರಿಗೂ ನನ್ನ ಒಂದು ಕೋರಿಕೆ. ಮುಂದಿನ ಪೋಷಕರ ಸಭೆಗೆ ಅಂಕಪಟ್ಟಿ ಕೊಡುವ ಮೇಜಿನ ಪಕ್ಕ ಇನ್ನೊಂದು ಮೇಜು ಹಾಕಿಸಿ. ನಾಲ್ಕು ಪ್ರಶ್ನೆಯ ಹಾಳೆ, ಎರಡು ದರ್ಜಿ ಟೇಪು ಸಾಕು. ಹೆಂಗಸರ ಕಡೆ ನಾವು ಹುಡುಗಿಯರು ಅಳೆಯುತ್ತೇವೆ, ಗಂಡಸರ ಕಡೆ ಹುಡುಗರು. ಕೂಡಿಸುವ ಲೆಕ್ಕ ವಾಣಿಜ್ಯ ವಿಭಾಗದ್ದು. 60 ದಾಟಿದವರ ಕೈಗೆ ಆಸ್ಪತ್ರೆಗೆ ಹೋಗಿ ಎಂಬ ಚೀಟಿ ಕೊಡೋಣ, ಹೆಸರು ಯಾವ ರಿಜಿಸ್ಟರಿನಲ್ಲೂ ಬರೆಯುವುದು ಬೇಡ. ಟೇಪು ನಾನು ಮನೆಯಿಂದ ತರುತ್ತೇನೆ. ಸಭೆಯ ದಿನ ಕ್ಯಾಂಟೀನಿನವರು ಚಾಯ್‌ಗೆ ಸಕ್ಕರೆ ಬೇರೆಯಾಗಿ ಇಟ್ಟರೆ ಇನ್ನೂ ಒಳ್ಳೆಯದು.